ಕಾಟರ್ ಪಿನ್ನಿಗೆ ಮಗ್ಗದ ಏಟು

ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ ದ್ರಾಕ್ಷಾಯಣಮ್ಮನ ಸೈಕಲ್ ಬೆಲ್ ಕೇಳಿಸಿತೆಂದರೆ ಕಂಡಿಕೆ ಬಂತು ಅಂತಲೇ ಅರ್ಥ. ಲಾಳಿಯೊಳಗೆ ಕೂರುವ ಆ ಪುಟ್ಟ ಕೊಳವೆಗಳಿಗೆ ರೇಷ್ಮೆ ಎಳೆ ಸುತ್ತಿ, ಬುಟ್ಟಿ ತುಂಬಿ, ಮಗ್ಗದ ಮನೆಗಳಿಗೆ ಮುಟ್ಟಿಸುವುದು ಆಕೆಯ ಕಸುಬು. ಈಗ ಆ ಸೈಕಲ್ಲೇ ಮುನಿಸಿಕೊಂಡಿತ್ತು. ತುಳಿದಾಗೆಲ್ಲ ಟಕ್ ಟಕ್. ಪೆಡಲಿನ ತೋಳನ್ನು ಬಿಗಿಹಿಡಿಯುವ ಕಾಟರ್ ಪಿನ್ ಸವೆದಿತ್ತು.

ಸೀರೆ ನೇಯಿಸುವ ಮರುಳಪ್ಪ ಹೇಳಿಯೂ ಬಿಟ್ಟಿದ್ದ: “ಸೋಮವಾರದಿಂದ ಹೊತ್ತಿಗೆ ಸರಿಯಾಗಿ ಮುಟ್ಟಿಸ್ಬೇಕಮ್ಮ. ಇಲ್ಲಾಂದ್ರೆ ಈ ಕೆಲ್ಸ ಬೈಕ್ ಇರೋರಿಗೆ ಕೊಡ್ತೀನಿ.”

ಬಸ್ ಸ್ಟ್ಯಾಂಡಿನ ಮೆಕ್ಯಾನಿಕ್ ಶಹನವಾಜ್ ತಲೆಯೆತ್ತದೆ ಹೇಳಿದ: “ಸೈಕಲ್ ಕೆಲ್ಸ ಬಿಟ್ಟೆ ಅಮ್ಮ, ಈಗ ಬೈಕ್ ಅಷ್ಟೇ. ಚಳ್ಳಕೆರೆಗೆ ಹೋಗ್ರಿ.”

“ಬಸ್ಸಿನಾಗೆ ಸೈಕಲ್ಲನ್ನ ಮಡಿಲಾಗಿಟ್ಕೊಂಡು ಹೋಗ್ಲಾ?”

ಅದೇ ಸಿಟ್ಟಿಗೆ ತಾನೇ ಕಲಿಯುತ್ತೇನೆಂದು ಫೋನ್ ಹಿಡಿದು ಕೂತಳು. ವಿಡಿಯೋದವನ ತೆಲುಗು ಚೆನ್ನಾಗಿ ತಿಳಿಯಿತು. ಅವನ ಗೇರ್ ಸೈಕಲ್ಲು ತಿಳಿಯಲಿಲ್ಲ. ಅವನು ಹೊಗಳಿದ ರಿಪೇರಿ ಸಾಮಾನಿನ ಪೆಟ್ಟಿಗೆ ತರಿಸಿದಳು. ಒಳಗೆಲ್ಲ ಡೊಂಕು ಕಡ್ಡಿಗಳು, ಒಂದೂ ಅವಳ ನಟ್ಟಿಗೆ ಕೂರಲಿಲ್ಲ.

“ಮೂಗುತಿ ಹಂಗೆ ಹೊಳೀತಾವೆ, ಒಂದಕ್ಕೂ ಬಾಯಿಲ್ಲ,” ಎಂದು ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದಳು.

ಭಾನುವಾರ ಕೊನೆಗೂ ತನ್ನಂಥದೇ ಸೈಕಲ್ಲಿನ ವಿಡಿಯೋ ಸಿಕ್ಕಿತು. ಪಕ್ಕದ ಮನೆಯ ಸ್ಪ್ಯಾನರ್ ತಂದು ಕೂತಳು. ವಿಡಿಯೋದವನು ಪಿನ್ನಿನ ನಟ್ಟಿಗೆ ಕೈಹಾಕುವಷ್ಟರಲ್ಲಿ ಜಾಹೀರಾತು ಬಂತು. ಕಾಯುವ ತಾಳ್ಮೆ ಯಾರಿಗಿದೆ? ಮಗ್ಗದ ಗೂಟ ಬಡಿದು ತೆಗೆಯುವವಳಿಗೆ ಪಿನ್ ಯಾವ ಲೆಕ್ಕ? ಸಣ್ಣ ತುದಿಗೆ ಹೊಡೆದರೆ ಆಯಿತು. ನಟ್ ಪೂರ್ತಿ ಬಿಚ್ಚಿ ಸುತ್ತಿಗೆ ಬೀಸಿದಳು. ಮರದ ಗೂಟ ಜಾರುತ್ತದೆ. ಕಬ್ಬಿಣದ ಪಿನ್ ಅಣಬೆಯಂತೆ ಅರಳಿ ಕೂತಿತು. ಈಚೆಗೂ ಬರಲಿಲ್ಲ, ಆಚೆಗೂ ಹೋಗಲಿಲ್ಲ.

ಜಾಹೀರಾತು ಮುಗಿದು ಅವನು ಹೇಳಿದ: ನಟ್ ಪೂರ್ತಿ ತೆಗೆಯಬೇಡಿ, ಅದರ ಮೇಲೇ ಹೊಡೆಯಿರಿ, ಪಿನ್ನಿನ ತುದಿ ಕೆಡುವುದಿಲ್ಲ.

“ಮೊದ್ಲೇ ಬೊಗಳೋಕೆ ಏನಾಗಿತ್ತು ನಿಂಗೆ,” ಅಂದಳು ಫೋನಿಗೆ.

ಸೋಮವಾರ ಸೈಕಲ್ ತಳ್ಳಿಕೊಂಡೇ ಹೋದಳು. ಮರುಳಪ್ಪನ ಸೀರೆ ನೇಯುವ ಜಯಕ್ಕ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕಂಡಿಕೆಗೆ ಕಾಯುತ್ತ ಕೂತಿದ್ದಳು.

“ಬೆಲ್ ಕೇಳಿ ಎಷ್ಟೊತ್ತಾಯ್ತು. ತಳ್ಕೊಂಡ್ ಬಂದ್ಯಾ?”

“ಮರುಳಪ್ಪ ಕೇಳಿದ್ರೆ ಏನಂತೀಯೇ?”

“ಇವತ್ತು ಹೊತ್ತಿಗೇ ಬಂತು ಅಂತೀನಿ. ನಾಳೆ ಸುಳ್ಳು ಹೇಳಲ್ಲ ನೋಡು.”

ದ್ರಾಕ್ಷಾಯಣಮ್ಮ ಅಲ್ಲಿಂದ ನೇರ ಶಹನವಾಜನ ಅಂಗಡಿಗೆ ಹೋಗಿ ಸೈಕಲ್ ನಿಲ್ಲಿಸಿದಳು.

“ನೀನು ಮುಟ್ಟಬೇಡಪ್ಪ. ಕಬ್ಬಿಣ ಕುಯ್ಯೋ ಗರಗಸ ಕೊಡು. ಎಲ್ಲಿ ಕುಯ್ಬೇಕು ಅಂತ ಬೆರಳು ತೋರ್ಸು, ಸಾಕು.”

ಅವನು ಬಗ್ಗಿ ಪಿನ್ ನೋಡಿದ. “ಯಾ ಅಲ್ಲಾ, ಯಾರಮ್ಮ ಹಿಂಗೆ ಮಾಡಿದ್ದು?”

“ಫೋನು,” ಅಂದಳು, ಗರಗಸಕ್ಕೆ ಕೈ ಚಾಚಿ.