ಜಾರುವುದನ್ನು ಕಲಿಸಿದ ಕೋಚ್

ಕಾರಿನ ಹೀಟರ್ ಬಿಸಿಯಾದ ಮೇಲೆ ಆ ವಾಸನೆ ಮೆಲ್ಲಗೆ ಏಳುತ್ತದೆ. ಹಳೆಯ ಅಂಟು, ಬೆವರು, ಸ್ವಲ್ಪ ರಬ್ಬರ್. ಪಕ್ಕದ ಸೀಟಿನಲ್ಲಿ ಉಳಿದುಹೋಗಿರುವ ಕಪ್ಪು ಬಟ್ಟೆಯ ಟೇಪಿನ ಸುರುಳಿಯದು. ಐಸಿನ ಮೇಲೆ ಹಾಕಿ ಆಟ ಆಡುವವರು ಕೋಲಿನ ತುದಿಗೆ ಸುತ್ತುವ ಟೇಪು. ತೆಗೆದು ಒಳಗಿಡಬೇಕು ಎಂದು ಮೂರು ವಾರದಿಂದ ಅಂದುಕೊಳ್ಳುತ್ತಿದ್ದೇನೆ, ಮನಸ್ಸು ಬರುತ್ತಿಲ್ಲ.

ಅದು ಇಲ್ಲಿ, ಪಾರ್ಸಿಪನಿ ಎಂಬ ಊರಿನಲ್ಲಿ, ನಮ್ಮ ಪಕ್ಕದ ಮನೆಯಲ್ಲಿದ್ದವರದು. ಬೀದಿಯವರೆಲ್ಲ ಅವರನ್ನು ಕೋಚ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಕೆನಡಾದ ಯಾವುದೋ ಸಣ್ಣ ಊರಿನವರು. ಬಸ್ಸಿನಲ್ಲಿ ಊರೂರು ಅಲೆಯುವ ಚಿಕ್ಕ ತಂಡಗಳಲ್ಲಿ ವರ್ಷಗಟ್ಟಲೆ ಆಡಿ, ಆಮೇಲೆ ಕೆಲವು ಸೀಸನ್ ದೊಡ್ಡ ಲೀಗಿನಲ್ಲಿ ಆಡಿದ್ದರು. ಡಿಫೆನ್ಸ್‌ಮನ್. ಎಂದರೆ ಗೋಲು ಹೊಡೆಯುವವರಲ್ಲ, ಹೊಡೆಯಲು ಬರುವವರನ್ನು ತಡೆಯುವವರು. ಮುಂದಿನ ಮೂರು ಹಲ್ಲು ಕಟ್ಟಿಸಿದ್ದವು. ಬಲ ಮಂಡಿ ಟಿವಿಯವರಿಗಿಂತ ಮೊದಲೇ ಸ್ನೋ ಬರುವುದನ್ನು ಹೇಳುತ್ತಿತ್ತು; ಅವರ ಆಟ ಮುಗಿಸಿದ್ದೂ ಆ ಮಂಡಿಯೇ.

ಪರಿಚಯವಾದ ಮೊದಲ ದಿನವೇ ಎಷ್ಟು ಗೋಲು ಹೊಡೆದಿದ್ದೀರಿ ಎಂದು ಕೇಳಿಬಿಟ್ಟಿದ್ದೆ. ಮೈಸೂರಿನಲ್ಲಿ ಕ್ರಿಕೆಟ್ ಸ್ಕೋರ್ ಕೇಳುತ್ತ ಬೆಳೆದವಳಿಗೆ ಇನ್ನೇನು ತೋಚೀತು? ಕೋಚ್ ಎಣಿಸುತ್ತ ಒಂದೊಂದೇ ಬೆರಳು ಮಡಿಸಿ, ಹತ್ತರಲ್ಲಿ ಎರಡು ಬೆರಳು ಮಿಕ್ಕಿದ್ದನ್ನು ತೋರಿಸಿ ನಕ್ಕರು. ತಡೆದ ಗೋಲುಗಳನ್ನು ಯಾರೂ ಬರೆದಿಡುವುದಿಲ್ಲ ಎಂದರು. ಬೇಸರದಿಂದ ಹೇಳಿದ್ದಲ್ಲ, ಇರುವುದನ್ನು ಇದ್ದ ಹಾಗೆ ಹೇಳಿದ್ದು.

ಅದೇ ಚಳಿಗಾಲದಲ್ಲಿ 287ನೇ ಹೆದ್ದಾರಿಯ ಮೇಲೆ ನನ್ನ ಕಾರು ಕಣ್ಣಿಗೆ ಕಾಣದ ಐಸಿನಲ್ಲಿ ಜಾರಿ, ಎರಡು ಸುತ್ತು ತಿರುಗಿ, ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ಮೈಗೆ ಒಂದು ಗೀರೂ ಆಗಲಿಲ್ಲ. ಆದರೆ ಮಾರನೆಯ ದಿನ ಸ್ಟಿಯರಿಂಗ್ ಮುಟ್ಟಿದವಳು ಹಾಗೇ ಇಳಿದು ಮನೆಯೊಳಗೆ ಬಂದುಬಿಟ್ಟೆ. ನನ್ನ ಆಫೀಸು ಇದ್ದದ್ದು ದೂರದ ಕ್ರ್ಯಾನ್‌ಬರಿಯಲ್ಲಿ, ಕಾರಿಲ್ಲದೆ ಹೋಗುವ ದಾರಿಯೇ ಇಲ್ಲ. ಧಾರವಾಡ ಕಡೆಯ ಸಹೋದ್ಯೋಗಿಯೊಬ್ಬ, ಪಾಪ, ದಿನಾ ತನ್ನ ಕಾರಿನಲ್ಲಿ ಕರೆದೊಯ್ಯುತ್ತಿದ್ದ. ಒಂದು ದಿನ ಅವನೂ ಮುಖ ಸಣ್ಣಗೆ ಮಾಡಿಕೊಂಡು ಹೇಳಿದ. “ಅಕ್ಕಾರ, ಮುಂದಿನ ತಿಂಗಳ ನಾ ಡಲ್ಲಸ್‌ಗೆ ಶಿಫ್ಟ್ ಆಗ್ಲಿಕತ್ತೀನ್ರಿ. ಹೆಂಗಾರ ಮಾಡಿ ನೀವು ಡ್ರೈವ್ ಮಾಡ್ಲಿಕ್ಕ ಶುರು ಮಾಡ್ರಿ.” ನನ್ನ ವೀಸಾ ಆ ಕೆಲಸಕ್ಕೆ ಅಂಟಿಕೊಂಡಿತ್ತು. ಕೆಲಸ ಹೋದರೆ ಗಂಟುಮೂಟೆ ಕಟ್ಟುವುದೇ.

ಕೋಚ್‌ಗೆ ಇದು ಗೊತ್ತಾದದ್ದು ನನ್ನ ಮನೆ ಮುಂದಿನ ಡ್ರೈವ್‌ವೇಯಲ್ಲಿ ಎರಡು ವಾರದ ಸ್ನೋ ಕೆಳಗೆ ಕಾರು ಹೂತಿದ್ದನ್ನು ನೋಡಿ. “ನಿನಗೆ ಕಾರಿನ ಭಯ ಅಲ್ಲ, ಜಾರುವ ಭಯ” ಎಂದರು. “ಮೊದಲು ಜಾರುವುದನ್ನು ಕಲಿ.” ಭಾನುವಾರ ಬೆಳಿಗ್ಗೆ ಮಾರಿಸ್‌ಟೌನ್ ಹತ್ತಿರದ ಐಸ್ ಹಾಸಿದ ರಿಂಕ್‌ನಲ್ಲಿ ದೊಡ್ಡವರಿಗೆ ಸ್ಕೇಟಿಂಗ್ ಹೇಳಿಕೊಡುತ್ತಿದ್ದರು. ಅಲ್ಲಿಗೆ ಎಳೆದುಕೊಂಡೇ ಹೋದರು.

ಮೊದಲ ಭಾನುವಾರಗಳು ಬರೀ ನಾಚಿಕೆಗೇಡು. ನಾನು ಲೈಟ್ ಕಂಬ ನಿಂತಂತೆ ನಿಲ್ಲುತ್ತಿದ್ದೆ. “ಬೆಂಡ್ ಯುವರ್ ನೀಸ್!” ಎಂದು ಅವರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಬಗ್ಗಿದರೆ ಬೀಳುತ್ತೇನೆ ಎನ್ನುವುದು ನನ್ನ ಹಟ. ಹಾಗಿರುವಾಗ ಒಂದು ದಿನ ನನ್ನ ಕಾಲು ಅವರ ಹಾಕಿ ಕೋಲಿಗೆ ತಾಗಿಬಿಟ್ಟಿತು. ಅಯ್ಯೋ ಎನ್ನುತ್ತ ಹಿಂದೆಮುಂದೆ ಯೋಚಿಸದೆ ಬಗ್ಗಿದೆ, ಕೋಲು ಮುಟ್ಟಿದೆ, ಕಣ್ಣಿಗೊತ್ತಿಕೊಳ್ಳಲು ಕೈ ಎತ್ತಿದರೆ ಹೆಲ್ಮೆಟ್ಟಿನ ಜಾಲರಿಗೆ ಬಡಿಯಿತು. ಆಗ ಗೊತ್ತಾಯಿತು, ನಾನು ಬಿದ್ದಿರಲಿಲ್ಲ. ಮಂಡಿ ಬಗ್ಗಿಸಿಕೊಂಡು ತಣ್ಣಗೆ ಜಾರುತ್ತ ಹೋಗುತ್ತಿದ್ದೆ...

ಕೋಚ್ ಕುಣಿದಾಡಿದರು. ಏನದು, ಈಗ ಮಾಡಿದೆಯಲ್ಲ, ಎಂದು ಕೇಳಿದರು. ಯಾರಿಗಾದರೂ, ಯಾರ ಕೆಲಸದ ಸಾಮಾನಿಗಾದರೂ ಕಾಲು ತಾಗಿದರೆ ನಾವು ಹೀಗೆ ಮಾಡುತ್ತೇವೆ ಎಂದೆ. ಅವರು ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇಡೀ ಕೆರಿಯರ್‌ನಲ್ಲಿ ಇದಕ್ಕೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ” ಎಂದು ನಕ್ಕರು. ಆಮೇಲೆ ಕೂಗುವುದನ್ನೇ ಬಿಟ್ಟರು. ನಾನು ಸೆಟೆದು ನಿಂತಾಗಲೆಲ್ಲ ಬೇಕೆಂದೇ ಕೋಲನ್ನು ನನ್ನ ಕಾಲಿಗೆ ತಾಗಿಸುತ್ತಿದ್ದರು, ತುಂಟ ಮನುಷ್ಯ. ನಾನು ಬಗ್ಗುತ್ತಿದ್ದೆ.

ರಿಂಕ್ ಆದ ಮೇಲೆ ಸ್ನೋ ಬಿದ್ದ ಖಾಲಿ ಪಾರ್ಕಿಂಗ್ ಲಾಟು. ಅಲ್ಲಿ ನನ್ನ ಕಾರನ್ನು ನನ್ನ ಕೈಯಿಂದಲೇ, ಬೇಕೆಂದೇ ಜಾರಿಸಿದರು. ಬ್ರೇಕ್ ಒತ್ತಬೇಡ, ಹೋಗಬೇಕಾದ ಕಡೆಗೆ ನೋಡು ಎಂದಷ್ಟೇ ಹೇಳಿದ್ದು. ಕೊನೆಗೊಂದು ಶನಿವಾರ, ಐಸ್ ಮಳೆ ಹನಿಯುತ್ತಿರುವಾಗ, ಕ್ರ್ಯಾನ್‌ಬರಿಯವರೆಗೆ ಡ್ರೈವ್ ಮಾಡಿಕೊಂಡು ಹೋಗು ಎಂದು ಪಕ್ಕದಲ್ಲಿ ಕುಳಿತರು. ಅರ್ಧ ದಾರಿಗೆ ಗೊರಕೆ! ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಧೈರ್ಯ. ನಿಜಕ್ಕೂ ನಿದ್ದೆ ಮಾಡಿದರೋ, ನಾಟಕವೋ... ಕೊನೆಯವರೆಗೂ ಹೇಳಲಿಲ್ಲ. ಸೋಮವಾರ ನಾನೊಬ್ಬಳೇ ಆಫೀಸಿಗೆ ಹೋದೆ.

ಅದಾಗಿ ಆರು ಚಳಿಗಾಲ ಕಳೆದವು. ಈ ಸಲ ಸ್ನೋ ಶುರುವಾಗುವ ಮುಂಚೆಯೇ ಕೋಚ್ ತೀರಿಹೋದರು. ಮನೆ ಖಾಲಿ ಮಾಡಲು ಅವರ ಮಗಳು ಶಿಕಾಗೊದಿಂದ ಬಂದಳು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಹೊರಡುವ ದಿನ ರಸ್ತೆಯೆಲ್ಲ ಐಸ್, ಅವಳು ಕರೆದ ಕ್ಯಾಬ್ ಬರಲಿಲ್ಲ. ನಾನೇ ನ್ಯೂವಾರ್ಕ್ ಏರ್‌ಪೋರ್ಟಿಗೆ ಕರೆದುಕೊಂಡು ಹೊರಟೆ. ದಾರಿಯಲ್ಲಿ ಕೋಲಿನ ಕತೆ ಹೇಳಿದೆ. ಬಿದ್ದು ಬಿದ್ದು ನಕ್ಕಳು.

“ನನಗೆ ಸ್ಕೇಟಿಂಗ್ ಕಲಿಸಿದ್ದು ಅಮ್ಮ” ಎಂದಳು. “ಅಪ್ಪ ಆಗ ಯಾವಾಗಲೂ ಯಾವುದೋ ಊರಿನ ಬಸ್ಸಿನಲ್ಲಿ ಇರುತ್ತಿದ್ದರು.”

ಅವಳ ಪಾಲಿನ ಭಾನುವಾರಗಳನ್ನು ನಾನು ಉಂಡೆನಲ್ಲ ಎಂದು ಸಂಕಟವಾಯಿತು. ಟರ್ಮಿನಲ್ ಬಂತು. ಅವಳು ಬಾಗಿಲು ತೆಗೆಯಲಿಲ್ಲ.

“ಇನ್ನೂ ಟೈಮ್ ಇದೆ. ಇನ್ನೊಂದು ಸುತ್ತು ಹೋಗೋಣವಾ? ಆಮೇಲೆ ಅಪ್ಪ ಏನು ಮಾಡಿದರು, ಹೇಳು.”

ಐಸ್ ಮಳೆಯಲ್ಲಿ ಏರ್‌ಪೋರ್ಟನ್ನು ಮೂರು ಸುತ್ತು ಹಾಕಿದೆವು. ಅವಳು ಇಳಿದು ಹೋದ ಮೇಲೆ ನೋಡಿದರೆ, ಅಪ್ಪನ ಮನೆಯಿಂದ ತಂದಿದ್ದ ಟೇಪಿನ ಸುರುಳಿ ಸೀಟಿನಲ್ಲೇ ಉಳಿದಿತ್ತು. ಪಕ್ಕದ ಮನೆಯ ಡ್ರೈವ್‌ವೇಯಲ್ಲಿ ಈಗ ಸ್ನೋ ಬಿದ್ದದ್ದು ಬಿದ್ದಂತೇ ಇರುತ್ತದೆ, ಗೋರುವವರಿಲ್ಲ. ಮುಂದಿನ ತಿಂಗಳು ಮನೆ ಮಾರಾಟದ ಸಹಿ ಹಾಕಲು ಅವಳು ಮತ್ತೆ ಬರುತ್ತಾಳೆ. ಯಾವ ಹವೆಯಿದ್ದರೂ ನಾನೇ ಹೋಗಿ ಕರೆತರುತ್ತೇನೆ. ಅವಳಿಗೆ ಹೇಳಬೇಕಾದ ಭಾನುವಾರಗಳು ಇನ್ನೂ ಬಹಳ ಇವೆ.