ಫಿಲ್ಟರಿನಲ್ಲಿ ಸೇವಂತಿಗೆ

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಬಾಡಿಗೆ ಬಂದಿದ್ದೆ. ಕಾರಿನಲ್ಲಿ ಬಂದ ಗಿರಾಕಿಗಳು ಒಳಗೆ ಹೋದರು. ಕಾಯುವ ಹೊತ್ತಿನಲ್ಲಿ ಕಾರಿನ ಏಸಿ ಫಿಲ್ಟರ್ ಬದಲಾಯಿಸೋಣ ಅಂತ ಕೂತೆ. ಎಲೆಕ್ಟ್ರಿಕ್ ಕಾರಿನಲ್ಲಿ ನನ್ನಂಥವನ ಕೈಗೆ ಉಳಿದಿರುವ ರಿಪೇರಿ ಇದೊಂದೇ. ಕೆಲವು ತಿಂಗಳಿಂದ ಏಸಿ ಹಾಕಿದರೆ ಮುಗ್ಗಲು ವಾಸನೆ.

ಡ್ಯಾಶ್‌ಬೋರ್ಡಿನ ಡಬ್ಬಿ ಬಿಚ್ಚಿ ಫಿಲ್ಟರ್ ಎಳೆದೆ. ಮಡಿಕೆಗಳ ತುಂಬ ಧೂಳು, ಧೂಳಿನ ನಡುವೆ ಒಣಗಿದ ಸೇವಂತಿಗೆ ಎಸಳುಗಳು.

ನನ್ನ ಹೆಂಡತಿ ಶುಕ್ರವಾರ ಕಾರಿಗೆ ಪೂಜೆ ಮಾಡಿ ವೈಪರ್ ಸಂದಿಗೆ ಸೇವಂತಿಗೆ ಸಿಕ್ಕಿಸುತ್ತಿದ್ದಳು. "ಅಲ್ಲಿಡಬೇಡ ಕಣೇ, ಗಾಳಿ ತೂತಿನೊಳಗೆ ಹೋಗುತ್ತೆ" ಅಂತ ನಾನು ರೇಗುತ್ತಿದ್ದೆ. ಅವಳು ತೀರಿಕೊಂಡು ಎಂಟು ತಿಂಗಳಾಯಿತು.

ಗೂಡು ಮಾರಿ ಬಸ್ಸಿಗೆ ಕಾಯುತ್ತಿದ್ದ ತಿಪ್ಪಸಂದ್ರದ ರೈತರೊಬ್ಬರು ನಾನು ಫಿಲ್ಟರ್ ಹಿಡಿದು ಕೂತಿದ್ದು ನೋಡಿ ಹತ್ತಿರ ಬಂದರು.

"ಇಷ್ಟೇಯಾ? ಹುಳದ ತಟ್ಟೆ ಕೊಡವ್ದಂಗೆ ಒಸಿ ಕೊಡವಿದ್ರಾಯ್ತು, ಕೊಡಿಲ್ಲಿ ಸಾಮಿ."

ನಾನು ಬಾಯಿ ತೆರೆಯುವ ಮೊದಲೇ ಫಿಲ್ಟರ್ ಕಿತ್ತುಕೊಂಡು ಕಲ್ಲಿಗೆ ಎರಡೇಟು ಬಡಿದರು. ಎಸಳುಗಳು ಬಹುಪಾಲು ಪುಡಿಯಾಗಿ ಗಾಳಿಗೆ ಹೋದವು.

"ನೋಡಿ, ಎಷ್ಟು ಕಸ ಐತೆ!"

"ನನ್ನ ಹೆಂಡತಿ ಇಟ್ಟ ಹೂವು ಅದು. ಅವಳೀಗ ಇಲ್ಲ."

ಅವರ ಮುಖ ಇಳಿದುಹೋಯಿತು. "ಒಸಿ ಮುಂಚೇನೇ ಹೇಳ್ಬಾರ್ದಾ ಸಾಮಿ," ಅಂದವರೇ ನೆಲದ ಮೇಲೆ ಕೂತು ಮಣ್ಣಿನಲ್ಲಿ ಹುಡುಕಿದರು. ಸಿಕ್ಕಿದ್ದು ಮೂರು ಎಸಳು. ಎರಡೂ ಕೈ ಸೇರಿಸಿ, ಪ್ರಸಾದ ಕೊಡುವ ಹಾಗೆ ಕೊಟ್ಟರು.

ಹೊಸ ಫಿಲ್ಟರ್ ಹಾಕಿದ ಮೇಲೆ ವಾಸನೆ ಪೂರ್ತಿ ಹೋಯಿತು. ಈಗ ಶುಕ್ರವಾರ ವೈಪರ್ ಸಂದಿಗೆ ಸೇವಂತಿಗೆ ನಾನೇ ಸಿಕ್ಕಿಸುತ್ತೇನೆ. ಅಲ್ಲಿಡಬೇಡ ಅಂತ ರೇಗುವವರು ಯಾರೂ ಇಲ್ಲ.