ಗಿಟಾರಿನ ಬಾಯಿಗೆ ಗಂಧ

ನನ್ನ ಅಮ್ಮನ ಪ್ರಕಾರ ಯಂತ್ರಕ್ಕೆ ಎಲ್ಲಿ ತೂತಿದೆಯೋ ಅದೇ ಅದರ ಬಾಯಿ. ಉಡುಪಿಯ ಕಡೆಯಿಂದ ಬಂದು ಇಲ್ಲಿ ತಮಿಳರ ಊರಲ್ಲಿ ಹೋಟೆಲು ನಡೆಸಿದ ಮನೆಯ ಸೊಸೆ ಅವಳು. ಆಯುಧಪೂಜೆಯ ದಿನ ಹೋಟೆಲಿನ ಅರೆಯುವ ಕಲ್ಲಿನ ಗುಳಿಗೆ ಮೊದಲು ಗಂಧ, ಆಮೇಲೆ ಉಳಿದ ಮೈಗೆ. ಹೋಟೆಲು ಮುಚ್ಚಿ ಎಷ್ಟೋ ಕಾಲವಾದರೂ ಅವಳು ಆ ಕ್ರಮ ಬಿಟ್ಟಿಲ್ಲ. ಈ ಸಲ ಕೀಲ್ಪಾಕಿನ ನಮ್ಮ ಫ್ಲ್ಯಾಟಿನಲ್ಲಿ ಮಿಕ್ಸಿಗಾಯಿತು, ನನ್ನ ಸ್ಕೂಟರಿನ ಬೀಗದ ಕಿಂಡಿಗಾಯಿತು, ಕೊನೆಗೆ ಮಗಳ ಎಲೆಕ್ಟ್ರಿಕ್ ಗಿಟಾರಿನ ಸರದಿ. ಅದರ ಹೊಟ್ಟೆಯ ಮೇಲೆ ವೈರು ಸಿಕ್ಕಿಸುವ ತೂತೊಂದಿದೆ, ಜಾಕ್ ಎನ್ನುತ್ತಾರೆ. ಅಮ್ಮ ಬೆರಳದ್ದಿ ಅದಕ್ಕೂ ಧಾರಾಳವಾಗಿ ಗಂಧ ತುಂಬಿದಳು. ಪಕ್ಕದಲ್ಲೇ ಪೂಜೆಯ ಮಂಡಕ್ಕಿ ಮೆಲ್ಲುತ್ತಿದ್ದ ನನಗೆ ಅದು ಚೆಂದವೇ ಕಂಡಿತು.

ಕೆಲವು ವಾರಗಳಲ್ಲಿ ಗಿಟಾರು ಕರಕರ ಎಂದು ಕೆಮ್ಮತೊಡಗಿತು. ಮಗಳು ಕಾಲೇಜಿನ ವೇದಿಕೆಯಲ್ಲಿ ಮೊದಲ ಸಲ ನುಡಿಸಬೇಕಿದ್ದ ದಿನವೇ, ಬೆಳಿಗ್ಗೆ, ಪೂರ್ತಿ ಬಾಯಿ ಮುಚ್ಚಿತು. ಕಾರ್ಯಕ್ರಮ ಇದ್ದದ್ದು ಸಂಜೆಗೆ.

"ಅಂಗಡಿಗೆ ಕೊಡೋಣ" ಎಂದೆ.

"ಟೈಮ್ ಇಲ್ಲೆಪ್ಪಾ, ನಾನೇ ಮಾತ್ತಿಡ್ರೇನ್" ಎಂದಳು. ತಾನೇ ಬದಲಾಯಿಸುತ್ತಾಳಂತೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ತಮಿಳಿನಲ್ಲೇ. ಹೊಸ ಜಾಕು, ಬೆಸುಗೆ ಹಾಕುವ ಕಡ್ಡಿ ಎರಡನ್ನೂ ಮೊದಲೇ ತಂದಿಟ್ಟುಕೊಂಡಿದ್ದಳು. ನನಗೆ ಸಿಕ್ಕಿದ್ದು ಟಾರ್ಚ್ ಹಿಡಿಯುವ ಕೆಲಸ. ಅಮ್ಮ ಸೋಫಾದಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದಳು.

ಮಗಳು ಎರಡು ಸ್ಕ್ರೂ ಬಿಚ್ಚಿ ಲೋಹದ ತಟ್ಟೆಯನ್ನು ಎತ್ತಿದಾಗ ಜಾಕಿನ ಜೊತೆ ಎರಡೇ ಎರಡು ತೆಳು ವೈರುಗಳು ಹೊರಬಂದವು. ಕೆಳಮನೆಯವರು ದೂರು ಹೇಳಿಕೊಂಡು ಮೆಟ್ಟಿಲು ಹತ್ತುವಂತೆ ಮಾಡುವ ಸದ್ದೆಲ್ಲ ಬೀನ್ಸಿನ ನಾರಿನಷ್ಟಿರುವ ಇವುಗಳಲ್ಲಿ ಹರಿದು ಬರುತ್ತದೆಂದರೆ ನಂಬುವುದು ಹೇಗೆ? ಮಗಳು ಹೇಳಿದಳು, ಮೀಟುವ ತಂತಿ ಈ ವೈರುಗಳನ್ನು ಮುಟ್ಟುವುದೇ ಇಲ್ಲವಂತೆ. ಅದರ ಕೆಳಗೆ ಅಯಸ್ಕಾಂತ ಇದೆಯಂತೆ, ತಂತಿ ನಡುಗಿದ್ದು ಅದಕ್ಕೆ ಗೊತ್ತಾಗುತ್ತದಂತೆ. ಕರೆಂಟಿನ ಬಿಲ್ಲು ಕಟ್ಟಿ ಕಟ್ಟಿಯೇ ತಲೆ ನರೆತ ನನಗೆ ಮೈ ಜುಮ್ಮೆಂದಿತು.

ಅಷ್ಟರಲ್ಲಿ ಗಂಧದ ವಾಸನೆ ಬಂತು.

ಜಾಕಿನೊಳಗೆ ಒಣಗಿದ ಗಂಧ, ಅದರ ಸುತ್ತ ಹಸಿರು ಕಿಲುಬು. ಮಗಳು ಕೆರೆಯಲು ಹೋದಾಗ ಒಳಗಿನ ನಾಲಿಗೆಯಂಥ ಪಟ್ಟಿ ಪಟಕ್ಕನೆ ಮುರಿಯಿತು. ತಲೆಯೆತ್ತಿ ನನ್ನನ್ನು ನೋಡಿದಳು. ಇಬ್ಬರಿಗೂ ಗೊತ್ತಾಯಿತು. ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅದು ನಾನು ಕೊಟ್ಟ ಆಸ್ತಿ. ಈಗ ಒಂದು ಮಾತು ಆಡಿದರೂ ಅಮ್ಮ ಇನ್ನು ಈ ಮನೆಯಲ್ಲಿ ಗಂಧದ ಬಟ್ಟಲು ಮುಟ್ಟುವವಳಲ್ಲ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

"ಎಂತ ಆಯ್ತು ಮಗಾ? ಹಾಳಾಯ್ತಾ?" ಅಮ್ಮ ಸೋಫಾದಿಂದಲೇ ಕೇಳಿದಳು.

ಮಗಳು ಹಳೆಯ ಜಾಕನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಳು. "ಪಳೆಯ ಜಾಕ್, ಅಜ್ಜಿ. ತೇಂಜು ಪೋಚ್ಚು" ಎಂದಳು. ಹಳೆಯದು, ಸವೆದು ಹೋಗಿದೆ, ಅಷ್ಟೇ. ಅಯಸ್ಕಾಂತದ ಮಾತಿಗಿಂತ ಈ ಮಾತಿಗೆ ನಾನು ಹೆಚ್ಚು ಬೆರಗಾದೆ. ಇಷ್ಟು ದೊಡ್ಡವಳು ಯಾವಾಗ ಆದಳು ಇವಳು?

"ಟಾರ್ಚ್ ಇಂಗೆ ಕಾಟ್ಟು, ಅಪ್ಪಾ" ಎಂದು ಗದರಿದಳು. ಬೆಳಕನ್ನು ಮತ್ತೆ ವೈರುಗಳ ಮೇಲೆ ತಂದೆ.

ಸೀಸ ಕರಗಿ ತುಪ್ಪದ ಹನಿಯ ಹಾಗೆ ಮಿಂಚಿತು, ವೈರನ್ನು ಅಪ್ಪಿ ಗಟ್ಟಿಯಾಯಿತು. ಮಗಳು ಸ್ಕ್ರೂ ಬಿಗಿದು, ಕೇಬಲ್ ಸಿಕ್ಕಿಸಿ, ಒಂದೇ ತಂತಿ ಮೀಟಿದಳು. ಷೋಕೇಸಿನ ಗಾಜು ಗುಂಯ್ ಎಂದಿತು. ಅಮ್ಮನ ಕೈಯಲ್ಲಿದ್ದ ಬೀನ್ಸ್ ಹಾಗೇ ನಿಂತಿತು.

ಹೊರಡುವ ಮುಂಚೆ ಮಗಳು ಕೇಬಲ್ ತೆಗೆದು ಗಿಟಾರನ್ನು ಅಮ್ಮನ ಮಡಿಲ ಮೇಲಿಟ್ಟಳು.

"ಅಜ್ಜಿ, ಗಂಧ ಹಚ್ಚು" ಎಂದಳು, ಕನ್ನಡದಲ್ಲಿ.

ನಾನು ಗಂಧ ತೇದು ತಂದೆ. ಅಮ್ಮ ಕನ್ನಡಕ ಹಾಕಿಕೊಂಡಳು. ಎಡಗೈಯ ಹೆಬ್ಬೆರಳಿನಿಂದ ತೂತನ್ನು ಒತ್ತಿ ಮುಚ್ಚಿಕೊಂಡಳು.

"ಈ ಸಲ ಒಳಗೆ ಹೋಗದ ಹಾಗೆ ಹಚ್ತೇನೆ ಮಗಾ" ಎಂದಳು.